ಗಾಳೆವ್ವನ ಮನೆಯ ನೀರು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಗಾಳೆವ್ವನ ಮನೆಯ ನೀರೆಂದರೆ ಎಲ್ಲರಿಗೂ ನಗೆ. ಪಕ್ಕದ ಮನೆಯ ಕಾಶೀಂಬಿ ಒಂದು ಗುಟುಕು ಕುಡಿದು ಮುಖ ಕಿವುಚುತ್ತಿದ್ದಳು: “ಯವ್ವಾ ನನ್ನವ್ವಾ, ನಿಮ್ಮ ನೀರ ಕುಡದ್ರ ದವಾಖಾನಿ ನೆಲಾ ನೆಕ್ಕಿದಂಗ ಆಕ್ಕೈತಿ ನೋಡ!”

ನಗುವವರು ನಗಲಿ. ಬೆಳಗ್ಗೆ ಆಡುತ್ತಿದ್ದ ನಾಲ್ಕು ವರ್ಷದ ಮಗಳು ಉಮಾಶ್ರೀ ವಾಂತಿ-ಭೇದಿಯಾಗಿ ಸಂಜೆಯೊಳಗೆ ಕೈಬಿಟ್ಟು ಹೋದದ್ದನ್ನು ಕಂಡವಳು ಗಾಳೆವ್ವ, ಅವರಲ್ಲ. ಕೆಟ್ಟ ನೀರು ಕುಡಿದು ಹೀಗಾಯಿತು ಎಂದು ಯಾರೋ ಅಂದರು. ಅಂದಿನಿಂದ ಬ್ಲೀಚಿಂಗ್ ಪುಡಿಯೇ ಅವಳ ದೇವರು. ಆ ಓಣಿಗೆ ನಳ ಬರುವುದು ವಾರಕ್ಕೊಮ್ಮೆ, ಕೆಲವು ಸಲ ಅದೂ ಇಲ್ಲ. ಹೀಗಾಗಿ ನೆಲದ ಟಾಕಿಯಲ್ಲಿದ್ದ ಹಳೆಯ ನೀರನ್ನು ಯಾರೂ ಚೆಲ್ಲುವುದಿಲ್ಲ, ಅದರ ಮೇಲೆಯೇ ಹೊಸದನ್ನು ಬಿಟ್ಟುಕೊಳ್ಳುತ್ತಾರೆ. ತಳದಲ್ಲಿ ಕೆಸರು, ಬೇವಿನ ಎಲೆ ಕೊಳೆಯುತ್ತಲೇ ಇರುತ್ತವೆ. ಗಾಳೆವ್ವ ದಿನಾ ಬೆಳಗ್ಗೆ ಅದಕ್ಕೆ ಹಿಡಿ ತುಂಬ ಪುಡಿ ಸುರಿಯುತ್ತಿದ್ದಳು. ಮೂಗಿಗೆ ಘಾಟು ಹೊಡೆದರೇ ಅವಳಿಗೆ ಸಮಾಧಾನ. ಗಂಡ ಕಳಕಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವಾಗ ಪಕ್ಕದಲ್ಲಿ ಆ ನೀರಿನ ತಂಬಿಗೆ ಇರಲೇಬೇಕು. ಇಪ್ಪತ್ತು-ಇಪ್ಪತ್ತೈದು ವರ್ಷ ಅವನು ಗೊಣಗದೆ ಕುಡಿದ.

ಹೋದ ವರ್ಷ ಅವನ ಮೂತ್ರದಲ್ಲಿ ರಕ್ತ ಬಂತು. ಹುಬ್ಬಳ್ಳಿಯಲ್ಲಿ ಮೂತ್ರಕೋಶದ ಕ್ಯಾನ್ಸರ್ ಎಂದರು. ಆಗಲೇ ಕೈಮೀರಿತ್ತು. ಬೀಡಿ ಮುಟ್ಟದ ಮನುಷ್ಯನಿಗೆ ಇದೆಲ್ಲಿಂದ ಬಂತೆಂದು ಗಾಳೆವ್ವ ಡಾಕ್ಟರ ಬೆನ್ನು ಬಿಡಲಿಲ್ಲ. ಅವರು ನೂಲಿನ ಬಣ್ಣದ ಬಗ್ಗೆ ಕೇಳಿದರು, ಕುಡಿಯುವ ನೀರಿನ ಬಗ್ಗೆ ಕೇಳಿದರು. ಪುಡಿ ಹಾಕುವುದನ್ನು ಇವಳು ಹೆಮ್ಮೆಯಿಂದಲೇ ಹೇಳಿದಳು.

ಡಾಕ್ಟರು ಬಿಡಿಸಿ ಹೇಳಿದರು: “ನೋಡ್ರಿ ಯವ್ವಾ, ಪುಡಿ ಬೇಕ. ಅದಿಲ್ಲಂದ್ರ ಜಡ್ಡ ಬರ್ತಾವ. ಆದ್ರ ಕೆಸರು, ಕೊಳತ ಎಲಿ ಇದ್ದ ನೀರಿಗೆ ಅಳತಿ ಇಲ್ಲದ ಸುರದ್ರ ಅದರಾಗ ಬ್ಯಾರೆ ವಿಷ ಹುಟ್ಟತಾವ. ವರ್ಷಾನಗಟ್ಟಲೆ ಕುಡದ್ರ ಈ ರೋಗದ ಭಯ ಹೆಚ್ಚ ಅಂತಾರ. ನಿಮ್ಮ ಯಜಮಾನ್ರಿಗೆ ಅದರಿಂದನ ಬಂತಂತ ನಾ ಹೇಳಾಕ ಆಗಂಗಿಲ್ಲ.”

ಅದರಿಂದ ಅಲ್ಲ ಎಂದೂ ಅವರು ಹೇಳಲಿಲ್ಲ. ಗಾಳೆವ್ವನ ಎದೆ ಒಡೆಯಲು ಅಷ್ಟು ಸಾಕಾಯಿತು. ಊರಿಗೆ ಬಂದವಳೇ ಟಾಕಿ ಬರಿದು ಮಾಡಿ ತಿಕ್ಕಿ ತೊಳೆದಳು, ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತಂದಳು. ಗಂಡನ ಮುಂದೆ ಮಾತ್ರ ಬಾಯಿ ಬಿಡಲಿಲ್ಲ. ನಾನೇ ನನ್ನ ಕೈಯಾರೆ ಹಾಕಿ ಕುಡಿಸಿದೆ ಎಂದು ಯಾವ ಬಾಯಿಂದ ಹೇಳುವುದು, ನೀವೇ ಹೇಳಿ.

ಹಾಸಿಗೆ ಹಿಡಿದ ಕಳಕಪ್ಪ ಆ ಕ್ಯಾನಿನ ನೀರನ್ನು ತುಟಿಗೆ ಹಚ್ಚಿ ತಂಬಿಗೆ ಕೆಳಗಿಟ್ಟ. “ಇದಕ್ಕ ವಾಸನೀನ ಇಲ್ಲ. ಪುಡಿ ಹಾಕಿಲ್ಲೇನ?”

“ಚಲೋ ನೀರ ಐತ್ರಿ. ಕುಡೀರಿ.”

“ಹುಚ್ಚಿ, ಕೂಸಿನ್ನ ಕಳಕೊಂಡದ್ದ ಸಾಲದನ? ನೀ ಪುಡಿ ಹಾಕಿ ಕೊಟ್ಟದ್ದಕ್ಕನ ಇಷ್ಟ ವರ್ಷ ಬದಕೀನಿ ನಾ. ಹೋಗ, ಹಾಕ್ಕೊಂಡ ಬಾ.”

ಅವನ ತುಟಿಗಳು ಒಡೆದು ಒಣಗಿದ್ದವು. ಬೆಳಗ್ಗೆಯಿಂದ ಹನಿ ನೀರು ಗಂಟಲಿಗೆ ಇಳಿದಿರಲಿಲ್ಲ. ಗಾಳೆವ್ವ ಒಳಗೆ ಹೋಗಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ತಂಬಿಗೆಗೆ ಚಿಟಿಕೆ ಪುಡಿ ಕದಡಿ ತಂದುಕೊಟ್ಟಳು.

ಕಳಕಪ್ಪ ಗಟಗಟನೆ ಕುಡಿದ. “ಈಗ ನೋಡ, ನೀರಂದ್ರ ಇದ,” ಎಂದು ಅವಳ ಕೈ ಸವರಿದ.