ಸಾವಿರಕ್ಕೊಬ್ಬರ ಹಲ್ಲಿನ ಸೆಟ್ಟು

ಬಸ್ ಡಿಪೋದ ಕಳೆದುಹೋದ ವಸ್ತುಗಳ ಕೋಣೆಯನ್ನು ಮೂವತ್ತು ವರ್ಷ ಕಾಯ್ದ ನಮ್ಮ ನೆರೆಮನೆಯ ಗುಮಾಸ್ತರಿಗೆ ‘ಸಾವಿರಕ್ಕೊಬ್ಬರು’ ಎಂದು ಹೆಸರು. ಹೊಗಳಿಕೆಯೆಂದುಕೊಳ್ಳಬೇಡಿ. ಯಾರಾದರೂ ಕರಿ ಛತ್ರಿ ಕೇಳಿಕೊಂಡು ಬಂದರೆ ಸಾಕು, “ಇಂಥ ಛತ್ರಿ ಊರಲ್ಲಿ ಸಾವಿರ ಜನರ ಹತ್ರ ಇದೆ. ಇದು ನಿಮ್ಮದೇ ಆಗಿರೋ ಸಾಧ್ಯತೆ ಸಾವಿರಕ್ಕೊಂದು. ಅಂದ್ಮೇಲೆ ನಿಮ್ಮದಲ್ಲ. ಮುಂದಿನೋರು ಬನ್ನಿ!” ಎನ್ನುತ್ತಿದ್ದರು. ಸಾವಿರ ಜನ ಬಂದರೂ ಅದೇ ಉತ್ತರ. ಹೀಗೆ ಆ ಛತ್ರಿ ಯಾರದ್ದೂ ಅಲ್ಲವೆಂದು ಸಾಬೀತಾಗಿ, ಮೋಡದಿಂದ ಉದುರಿದ್ದೇನೋ ಎಂಬಂತೆ ಅಲ್ಲೇ ಉಳಿಯುತ್ತಿತ್ತು. ರಾಶಿ ಬಾಗಿಲು ಮುಚ್ಚಿ ಸೂರು ಮುಟ್ಟಿದ ಮೇಲೆ ಅವರು ಕಿಟಕಿಯಿಂದ ತೂರಿ ಕೆಲಸಕ್ಕೆ ಹೋಗುತ್ತಿದ್ದರು. ಇದರಲ್ಲಿ ನಾನು ಸೇರಿಸಿದ್ದು ಹೆಚ್ಚೆಂದರೆ ಒಂದು ಛತ್ರಿ.

ನಿವೃತ್ತಿಯ ಹಿಂದಿನ ದಿನ ಬಸ್ಸಿನಲ್ಲಿ ಸೀನಿದರು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ನಾಲ್ಕು ಸೀಟು ದಾಟಿ ಹಾರಿ ಎಲ್ಲೋ ಅಡಗಿತು. ಸಂಜೆ ಕಂಡಕ್ಟರ್ ಅದನ್ನು ಹುಡುಕಿ ಅದೇ ಕೋಣೆಗೆ ಒಪ್ಪಿಸಿದ. ಮರುದಿನವೇ ಬೀಳ್ಕೊಡುಗೆ ಭಾಷಣ. ಆರು ತಿಂಗಳು ಕನ್ನಡಿಯ ಮುಂದೆ ಬಾಯಿಪಾಠ ಮಾಡಿದ್ದು. ಹಲ್ಲಿಲ್ಲದೆ ಅವರ ಮಾತೋ, ಗಾಳಿ ಬಿಟ್ಟ ಟೈರು.

ಬೆಳಗ್ಗೆ ತಮ್ಮ ಪರವಾಗಿ ಮಾತಾಡಲು ಹೆಂಡತಿಯನ್ನು ಕರೆದುಕೊಂಡು ಕೋಣೆಗೆ ಹೋದರು. ಹನ್ನೊಂದು ವರ್ಷ ಅವರ ಕೈಕೆಳಗೆ ಪಳಗಿದ ಗುಮಾಸ್ತೆ ಅಂದೇ ಅವರ ಕುರ್ಚಿ ಏರಿದ್ದಳು.

“ನಮ್ಮೆಜಮಾನ್ರ ಹಲ್ಲು ಕೊಡಮ್ಮ,” ಎಂದರು ಹೆಂಡತಿ.

“ಹಲ್ಲು ಕಟ್ಟಿಸ್ಕೊಂಡೋರು ಊರಲ್ಲಿ ಸಾವಿರ ಜನ ಇದಾರಕ್ಕ. ಅಂದ್ಮೇಲೆ ಇದು ಸರ್‌ದಲ್ಲ.”

“ನಿನ್ನ ತರ್ಕಕ್ಕಿಷ್ಟು ಬೆಂಕಿ ಹಾಕ! ಹತ್ತು ವರ್ಷದಿಂದ ಲೋಟದಲ್ಲಿ ನೋಡ್ತಿದೀನಿ, ನಂಗೆ ಗುರುತು ಸಿಗಲ್ವಾ?”

“ತರ್ಕ ನಂದಲ್ಲಕ್ಕ, ನಿಮ್ಮೆಜಮಾನ್ರದ್ದು. ಸರ್, ‘ಸಾವಿರದಲ್ಲಿ ಒಬ್ಬರದ್ದಂತೂ ಆಗಿರಲೇಬೇಕು, ನನ್ನ ಲೆಕ್ಕ ತಪ್ಪು’ ಅಂತ ಬರೆದು ಸಹಿ ಹಾಕಿ. ಹಲ್ಲು ತಗೊಂಡು ಹೋಗಿ.”

ಅವರು ಪೆನ್ನೆತ್ತಿದರು. ಕಣ್ಣು ಛತ್ರಿಗಳ ರಾಶಿಯ ಮೇಲೆ ಬಿತ್ತು. ಸಹಿ ಹಾಕಿದರೆ ಅಷ್ಟೂ ಛತ್ರಿಗಳಿಗೆ ಒಬ್ಬೊಬ್ಬ ಯಜಮಾನ ಹುಟ್ಟಿಬಿಡುತ್ತಾನೆ!

“ಹಾಕ್ರೀ, ಏನ್ ನೋಡ್ತೀರಿ!” ಎಂದರು ಹೆಂಡತಿ.

ಪೆನ್ನು ಕೆಳಗಿಟ್ಟರು.

ಭಾಷಣ ನಲವತ್ತು ನಿಮಿಷ ನಡೆಯಿತು. ಒಂದು ಪದವೂ ಯಾರಿಗೂ ತಿಳಿಯಲಿಲ್ಲ. ಅವರ ತರ್ಕದಲ್ಲಿ ಯಾರೂ ತಪ್ಪು ಹುಡುಕದ ದಿನ ಅದೊಂದೇ. ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು.

ಮರುದಿನದಿಂದ ಗುಮಾಸ್ತೆ ಬಂದವರ ಹತ್ತಿರ ಗುರುತು ಕೇಳಿ ಛತ್ರಿ ಹಿಂದಿರುಗಿಸತೊಡಗಿದಳು. ತಿಂಗಳೊಳಗೆ ಕೋಣೆಗೆ ಬಾಗಿಲೂ ಇದೆಯೆಂದು ಊರಿಗೆ ಗೊತ್ತಾಯಿತು. ಈಗ ಕಪಾಟಿನಲ್ಲಿ ಉಳಿದಿರುವುದು ಆ ಸೆಟ್ಟೊಂದೇ, ಬಂದವರನ್ನೆಲ್ಲ ನೋಡಿ ಹಲ್ಲು ಕಿರಿಯುತ್ತಾ. ಸಾವಿರಕ್ಕೊಬ್ಬರು ಮನೆಯಲ್ಲಿ ಬಾಳೆಹಣ್ಣು ನುಂಗುತ್ತಾ, ಅದು ತಮ್ಮದಲ್ಲವೆಂದು ಇವತ್ತಿಗೂ ಸಾಧಿಸುತ್ತಿದ್ದಾರೆ.