ಆನೆ ಇಲ್ಲ ಎಂದು ಹೇಳದ ರೇಡಿಯೋ

ಅರ್ಧ ನೆಲ ಒರೆಸಿ ಆಗಿದೆ. ಉಳಿದರ್ಧಕ್ಕೆಂದು ಬಟ್ಟೆ ಹಿಂಡುವಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಳ್ಳುತ್ತದೆ. ವನಜಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. ಬೆಳಗಿನ ಐದೂ ಮುಕ್ಕಾಲು. ಜನವರಿಯ ಚಳಿ. ವಿರಾಜಪೇಟೆಯ ಈ ಹಳೆಯ ಕಾಫಿ ಗೋದಾಮಿನ ಕಿಟಕಿಯಾಚೆ ಇನ್ನೂ ಬೆಳಕು ಹರಿದಿಲ್ಲ.

"ಹೇಳು ಮುತ್ತ."

ಆ ಕಡೆ ಇರುವವನು ಪಾಲಿಬೆಟ್ಟದ ಒಂದು ಎಸ್ಟೇಟಿನ ಕಾವಲುಗಾರ. "ಆನೆ ಮೂರುಂಟು ಅಕ್ಕ. ಕೆರೆ ಏರಿ ಹತ್ರ, ಹಲಸಿನ ಮರದಡಿ. ಒಂದು ಮರಿ."

"ಮರಿ ಬೇರೆ ಅದಾ? ತಾಯಿ ಯಾವ ಕಡೆ ಮುಖ ಮಾಡ್ಯದೆ?"

"ಮುಖ ನೋಡ್ಲಿಕ್ಕೆ ನಾನು ಹತ್ರ ಹೋಗ್ಬೇಕಾ? ನೀವೇ ಬನ್ನಿ, ಪರಿಚಯ ಮಾಡಿಸ್ತೇನೆ."

"ಬಾಯಿಗೇನ್ ಕಮ್ಮಿ ಇಲ್ಲ ನಿಂಗೆ," ಎಂದು ನಗುತ್ತಲೇ ಅವರು ಚೀಟಿಯಲ್ಲಿ ಬರೆಯುತ್ತಾರೆ: ಪಾಲಿಬೆಟ್ಟ. ಕೆರೆ ಏರಿ. ಮೂರು. ಮರಿ ಇದೆ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಮಾಡಿದ ಚೀಟಿ, ಮೂಲೆಯಲ್ಲಿ ಆ ದಿನದ ತಾರೀಖು. ಆರೂ ನಲವತ್ತಕ್ಕೆ ಉದ್ಘೋಷಕಿ ದಿವ್ಯಶ್ರೀ ಅದನ್ನು ಓದುತ್ತಾಳೆ. ಏಳಕ್ಕೆ ತೋಟದ ಕೂಲಿಯವರ ಲೈನ್‌ಮನೆಗಳಿಂದ ಹೆಂಗಸರು ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೊರಡುತ್ತಾರೆ. ಯಾವ ದಾರಿ ಹಿಡಿಯಬೇಕೆಂಬುದು ನಡುವಿನ ಇಪ್ಪತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

'ರೇಡಿಯೋ ಕಣ'ದ ಹಾಜರಿ ಪುಸ್ತಕದಲ್ಲಿ ವನಜಮ್ಮನ ಹೆಸರಿನ ಮುಂದೆ 'ಸ್ವಚ್ಛತೆ' ಎಂದಷ್ಟೇ ಇದೆ. ವಯಸ್ಸು ಐವತ್ತೆರಡು, ಓದಿದ್ದು ಆರನೇ ತರಗತಿ. ಹನ್ನೊಂದು ವರ್ಷಗಳಿಂದ ನಾಲ್ಕೂವರೆಗೆ ಎದ್ದು, ಎರಡು ಕಿಲೋಮೀಟರ್ ನಡೆದು ಬಂದು ಬೀಗ ತೆಗೆಯುತ್ತಾರೆ. ಬೆಳಿಗ್ಗೆ ಹತ್ತು ಹದಿನೈದು ಕರೆ. ಒಬ್ಬರು ಮಲಯಾಳದಲ್ಲಿ ಶುರುಮಾಡಿದರೆ ಇನ್ನೊಬ್ಬರದು ತಮಿಳು, ಮತ್ತೊಬ್ಬರದು ಕೊಡವ ಮಾತು. ಕುಶಾಲನಗರದ ಬಳಿಯ ರೈತರ ಮನೆಯಲ್ಲಿ ಹುಟ್ಟಿದ ಇವರು ಮದುವೆಯಾಗಿ ಬಂದದ್ದು ಬಿಟ್ಟಂಗಾಲದ ಎಸ್ಟೇಟ್ ಲೈನಿಗೆ. ಗಂಡ ಅಲ್ಲಿ ಜೀಪ್ ಡ್ರೈವರ್. "ನಲ್ಲಿ ಹತ್ರ ಜಗಳ ಆಡ್ತಾ ಆಡ್ತಾನೇ ಎಲ್ಲಾರ ಭಾಷೆನೂ ಕಲ್ತೆ ಕಣಮ್ಮ. ಬೈಗುಳ ಮೊದ್ಲು ಬಂತು, ಮಾತು ಆಮೇಲ್ ಬಂತು."

ಆನೆ ಬಂದ ಸುದ್ದಿ ಈಗ ಮೊಬೈಲಿಗೂ ಬರುತ್ತದೆ. ಆದರೆ ಅದಕ್ಕೆ ಸಿಗ್ನಲ್ ಬೇಕು, ಓದಲು ಬರಬೇಕು. ರೇಡಿಯೋ ಒಲೆಯ ಪಕ್ಕದಲ್ಲಿ ತನ್ನ ಪಾಡಿಗೆ ಹೇಳುತ್ತಿರುತ್ತದೆ.

ಈ ಬಾನುಲಿ ಯಾರದು ಎಂದು ಊರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಶುರುಮಾಡಿದವರು ವಿಜ್ಞಾನದ ಮೇಷ್ಟ್ರು ನಾಗೇಶ್ವರ. ನಿವೃತ್ತರಾದ ಮೇಲೆ ಏಳು ಜನರ ಟ್ರಸ್ಟ್ ಮಾಡಿ, ದೆಹಲಿಗೆ ಮೂರು ವರ್ಷ ಪತ್ರ ಬರೆದು ಪರವಾನಗಿ ತಂದರು. ಗೋದಾಮಿನ ಮುಂದೆ ಕಾಫಿ ಒಣಗಿಸುವ ಕಣವಿತ್ತು. ಹೆಸರು ಅದರಿಂದಲೇ ಬಂತು. ನೆಲ ಗುಡಿಸಲು ಬಂದ ವನಜಮ್ಮ ಒಂದು ಬೆಳಿಗ್ಗೆ ಎಡೆಬಿಡದೆ ಹೊಡೆದುಕೊಳ್ಳುತ್ತಿದ್ದ ಫೋನನ್ನು ಎತ್ತಿದರು. ಆ ಕಡೆಯವನು ಮಲಯಾಳದಲ್ಲಿ, ದಾರಿಯಲ್ಲಿ ಆನೆ ನಿಂತಿದೆ ಎಂದು ಕೂಗುತ್ತಿದ್ದ. ಅವರು ಅದನ್ನು ಕನ್ನಡದಲ್ಲಿ ಬರೆದಿಟ್ಟರು. ಮೇಷ್ಟ್ರು ಓದಿದರು. ಮಾರನೆಯ ದಿನದಿಂದ ಅದೇ ಪದ್ಧತಿಯಾಯಿತು.

ಇಂಥ ಸಮುದಾಯ ರೇಡಿಯೋವನ್ನು ಮಾರುವಂತಿಲ್ಲ. ಆದರೆ ಟ್ರಸ್ಟಿನೊಳಗಿನ ಜನ ಬದಲಾಗಬಹುದು. ಏಳು ಜನರಲ್ಲಿ ಮೂವರು ತೀರಿಕೊಂಡರು, ಇಬ್ಬರು ಊರು ಬಿಟ್ಟರು. ಎರಡು ವರ್ಷದ ಹಿಂದೆ ಮೇಷ್ಟ್ರೂ ತೀರಿಹೋದರು. ಅವರ ಜಾಗಕ್ಕೆ ಬಂದ ಮಗಳು ಕಾತ್ಯಾಯನಿ ಮಡಿಕೇರಿಯಲ್ಲಿ ಶಿಕ್ಷಕಿ. ಮಳೆಗಾಲದಲ್ಲಿ ಸಿಡಿಲಿಗೆ ಯಂತ್ರ ಕೆಟ್ಟಾಗಲೆಲ್ಲ ಬಸ್ಸು ಹಿಡಿದು ಓಡಿಬಂದು ಸೋತರು. ಕೊನೆಗೆ ಹೊರಗಿನ ಒಂದು ವಿದ್ಯಾಸಂಸ್ಥೆಯವರನ್ನು ಟ್ರಸ್ಟಿಗೆ ಸೇರಿಸಿಕೊಂಡರು. "ಅಪ್ಪ ಇದ್ದಾಗ ಇದು ರೇಡಿಯೋ ಆಗಿತ್ತು. ನನ್ನ ಕೈಗೆ ಬರುವಾಗ ಬರೀ ಫೈಲು," ಎನ್ನುತ್ತಾರೆ. ಆ ಮಾತಿನಲ್ಲಿ ಸಮರ್ಥನೆಗಿಂತ ದಣಿವೇ ಹೆಚ್ಚು.

ಹೊಸಬರು ಕೆಟ್ಟವರಲ್ಲ. ಗೋಡೆಗೆ ಬಣ್ಣ ಬಂದಿದೆ, ಯಂತ್ರ ಸರಿಯಾಗಿದೆ. ಹೊಸ ವ್ಯವಸ್ಥಾಪಕ ಅನೀಶ್ ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಾರೆ. ಬರುವ ಒಂದನೇ ತಾರೀಖಿನಿಂದ ಬೆಳಿಗ್ಗೆ ಆರರಿಂದ ಎಂಟರವರೆಗೆ ಕಂಪ್ಯೂಟರೇ ಹಾಡು ಹಾಕುತ್ತದೆ, ಆನೆ ಸುದ್ದಿ ಎಂಟೂಕಾಲಿಗೆ ಎಂದು ಹೇಳಿದವರು ಅವರೇ. "ವನಜಮ್ಮ, ನೀವಿನ್ನು ಎಂಟಕ್ಕೆ ಬಂದರೆ ಸಾಕು. ಇಷ್ಟು ವರ್ಷ ಚಳಿಯಲ್ಲಿ ಕಷ್ಟಪಟ್ಟಿದ್ದೀರಿ."

"ಎಂಟೂಕಾಲಿಗೆ ಎಲ್ಲಾ ತೋಟದೊಳ್ಗೆ ಇರ್ತಾರೆ ಸಾರ್," ಎಂದರಂತೆ ಇವರು. ಮುಂದಿನ ಮೀಟಿಂಗಿನಲ್ಲಿ ಇಡೋಣ ಎಂದರಂತೆ ಅವರು. ಮೀಟಿಂಗು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಪಿಕ್ಕಿಂಗೇ ಮುಗಿದಿರುತ್ತದೆ.

ಮನೆಯಲ್ಲಿ ಗಂಡನಿಗೆ ಖುಷಿ. "ಇನ್ನಾದ್ರೂ ನಂಗೆ ಬಿಸಿ ಕಾಫಿ ಸಿಗ್ತದೆ," ಎಂದರಂತೆ. ತಮ್ಮ ಒಳ್ಳೆಯದಕ್ಕೆಂದೇ ಎಲ್ಲರೂ ಮಾಡುತ್ತಿರುವ ಏರ್ಪಾಡನ್ನು ಬೇಡವೆನ್ನುವುದು ಹೇಗೆಂದು ವನಜಮ್ಮನಿಗೆ ತಿಳಿದಿಲ್ಲ. ಬೇಡವೆನ್ನಲು ಅವರಿಗಿರುವ ಕಾರಣ ಎಂಟು ವರ್ಷ ಹಳೆಯದು.

ಆ ಬೆಳಿಗ್ಗೆ ಬಿಟ್ಟಂಗಾಲದಿಂದ ಕರೆ ಬಂದಿರಲಿಲ್ಲ. ಜನಕ್ಕೆ ಸಮಾಧಾನವಾಗಲಿ ಎಂದು ವನಜಮ್ಮ ಚೀಟಿಯ ಕೊನೆಗೆ ತಾವಾಗಿಯೇ ಒಂದು ಸಾಲು ಸೇರಿಸಿದರು: ಬಿಟ್ಟಂಗಾಲದ ಕಡೆ ಆನೆ ಇಲ್ಲ. ಅದನ್ನು ನಂಬಿ ಒಳದಾರಿ ಹಿಡಿದ ದೊಡ್ಡಿ ಎಂಬ ಕೂಲಿ ಹೆಂಗಸಿಗೆ ತಿರುವಿನಲ್ಲಿ ಒಂಟಿ ಸಲಗ ಎದುರಾಯಿತು. ಜೀವ ಉಳಿಯಿತು, ಮುರಿದ ಸೊಂಟದ ಮೂಳೆ ಕೂಡಲಿಲ್ಲ.

ಅವತ್ತಿನಿಂದ ಈ ರೇಡಿಯೋ ಆನೆ ಇಲ್ಲ ಎಂದು ಹೇಳಿಲ್ಲ. ಕರೆ ಬಾರದ ದಿನ, "ಕರೆ ಬಂದಿಲ್ಲ, ಆದರೂ ಜೋಪಾನ" ಎನ್ನುತ್ತದೆ. "ಆನೆ ಎಲ್ಲಿ ಅದೆ ಅಂತ ಹೇಳ್ಬೋದು. ಎಲ್ಲಿಲ್ಲ ಅಂತ ಹೇಳಕ್ಕೆ ನಾವ್ಯಾರಮ್ಮ?" ಬಟ್ಟೆ ಹಿಂಡುತ್ತಾ ವನಜಮ್ಮ ಮತ್ತೆ ಹೇಳುತ್ತಾರೆ: "ಈಗ ಆರೂ ನಲವತ್ತಕ್ಕೆ ಬರೀ ಹಾಡು ಬಂದ್ರೆ ಲೈನಲ್ಲಿ ಏನಂದ್ಕತಾರೆ? ಇವತ್ತು ಆನೆ ಇಲ್ಲ ಅಂತ. ನಾವ್ ಬಾಯಿ ಬಿಡ್ದೇನೇ ಸುಳ್ಳು ಹೇಳ್ದಂಗಾಯ್ತದೆ."

ಭಾನುವಾರ ತಪ್ಪದೆ ಎಲೆಯಡಿಕೆ ಹಿಡಿದು ದೊಡ್ಡಿಯ ಮನೆಗೆ ಹೋಗುತ್ತಾರೆ. ಚೀಟಿ ಬರೆದದ್ದು ಯಾರೆಂದು ದೊಡ್ಡಿಗೆ ಗೊತ್ತು. "ಆನೆ ರೇಡಿಯೋ ಕೇಳಲ್ಲ ಅಂತ ನಂಗೆ ಅವತ್ತೇ ಗೊತ್ತಾಗಿದ್ದು," ಎಂದು ಆಕೆ ನಗಾಡುತ್ತಾಳೆ. ವನಜಮ್ಮ ಇದುವರೆಗೂ ಅವಳ ಜೊತೆ ನಕ್ಕಿಲ್ಲ.

ಆರೂ ನಲವತ್ತು. ದಿವ್ಯಶ್ರೀ ಓದುತ್ತಾಳೆ. ಗಾಜಿನ ಈಚೆ ನಿಂತ ವನಜಮ್ಮನ ತುಟಿಗಳು ಒಂದೊಂದು ಊರಿನ ಹೆಸರಿಗೂ ಸದ್ದಿಲ್ಲದೆ ಆಡುತ್ತವೆ. ಹನ್ನೊಂದು ವರ್ಷದಲ್ಲಿ ಅವರ ಧ್ವನಿ ಒಮ್ಮೆಯೂ ಬಿತ್ತರವಾಗಿಲ್ಲ. ಆಸೆಯಿಲ್ಲವೇ ಎಂದರೆ, "ಅಯ್ಯೋ, ನನ್ ಗಂಟಲಿಗೆ ಆನೆನೇ ಓಡೋಗ್ತವೆ," ಎಂದು ಬಕೆಟ್ ಎತ್ತಿಕೊಳ್ಳುತ್ತಾರೆ.

ಸುದ್ದಿ ಮುಗಿದ ಮೇಲೆ ಮೇಜು ಒರೆಸುವುದು ರೂಢಿ. ಒರೆಸುತ್ತಲೇ ಕೇಳುತ್ತಾರೆ: "ದಿವ್ಯಾ, ಮಾತಾಡಕ್ ಮುಂಚೆ ನೀನು ಮೇಲಕ್ ತಳ್ತೀಯಲ್ಲ, ಅದ್ಯಾವ್ದು?"

"ಆ ಕೆಂಪುದು ಆಂಟಿ. ಹಾಡಿಂದು ಕೆಳಗೆ ಎಳೆದು, ಇದನ್ನ ಮೇಲೆ ತಳ್ಳಿದ್ರೆ ಮೈಕ್ ಆನ್. ಯಾಕೆ, ಹಾಡ್ತೀರಾ?"

"ಒರ್ಸೋವಾಗ ಕೈ ತಾಗ್ತದೇನೋ ಅಂತ ಕೇಳ್ದೆ."

ಹನ್ನೊಂದು ವರ್ಷದಿಂದ ಅವರು ಒರೆಸುತ್ತಿರುವ ಮೇಜು ಅದು.

ಹೊರಡುವ ಮುಂಚೆ ಫೋನಿನ ಪಕ್ಕ ಕುಳಿತು ಕ್ಯಾಲೆಂಡರಿನ ಹಾಳೆ ಹರಿದು ಮುಂದಿನ ದಿನಗಳ ಚೀಟಿ ಮಾಡಿಡುತ್ತಾರೆ. ಮೂಲೆಯಲ್ಲಿ ತಾರೀಖು ಹಾಕುತ್ತಾ ಹೋಗುತ್ತಾರೆ: ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಪೆನ್ನು ಅಲ್ಲಿ ನಿಲ್ಲುತ್ತದೆ. ಅದರ ಮರುದಿನದಿಂದ ಬೆಳಿಗ್ಗೆ ಕಂಪ್ಯೂಟರಿನ ಹಾಡು. ಒಳಗೆ ದಿವ್ಯಶ್ರೀ ಮುಂದಿನ ಹಾಡು ಹುಡುಕುತ್ತಿದ್ದಾಳೆ. ಹೊರಗೆ ಕಣದ ಮೇಲೆ ಬಿಸಿಲು ಬಿದ್ದಿದೆ.

ವನಜಮ್ಮ ಇನ್ನೊಂದು ಹಾಳೆ ಹರಿಯುತ್ತಾರೆ. ಒಂದು, ಎರಡು, ಮೂರು ಎಂದು ಬರೆದು, ಎಲ್ಲವನ್ನೂ ಒಟ್ಟಿಗೆ ಜೋಡಿಸಿ, ಫೋನಿನ ಅಡಿಗೆ ಸೇರಿಸುತ್ತಾರೆ.