ಓದದೆ ಹೇಳಿದ ಮಾತು

ರೇಣುಕಾ, ಅಂದು ನೀನು ಕೊಟ್ಟ ಚೀಟಿಯನ್ನು ನಾನು ಓದಲಿಲ್ಲ. ನನಗೆ ಓದು ಬರುತ್ತಿರಲಿಲ್ಲ — ಇವತ್ತಿಗೂ ಬರುವುದಿಲ್ಲ. ಇದನ್ನು ನಿನ್ನವ್ವನಿಂದಲೂ ಮುಚ್ಚಿಟ್ಟೇ ಬಾಳಿದೆ. ಅವಳಿಗೂ ಅಕ್ಷರ ತಿಳಿದಿರಲಿಲ್ಲ, ನನಗೆ ಓದು ಬರುತ್ತದೆಂದೇ ನಂಬಿದಳು.

ಗಾರೆ ಕೆಲಸಕ್ಕೆ ಅಳತೆಯ ಅಂಕಿ ಗೊತ್ತಿದ್ದರೆ ಸಾಕಿತ್ತು. ಸಹಿಯನ್ನು ಚಿತ್ರ ಬರೆದಂತೆ ಕಲಿತಿದ್ದೆ. ಚಿತ್ತವಾಡ್ಗಿಯ ಚಹದಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದಿದ ಸುದ್ದಿಯನ್ನು, ಪೇಪರ್ ಹಿಡಿದುಕೊಂಡು, ಆಮೇಲೆ ಬಂದವರಿಗೆ ಹೇಳುತ್ತಿದ್ದೆ. ಮೇಸ್ತ್ರಿ ಭಾಳ ತಿಳಿದವನು ಅಂದರು. ಆ ಹೆಸರು ಕಳೆದುಕೊಳ್ಳಲು — ಮನಸ್ಸು ಬರಲಿಲ್ಲ.

ಕಂಪ್ಲಿಯ ಗಂಡಿನ ಕಡೆಯವರು ನಿನ್ನನ್ನು ನೋಡಿ ಹೋದ ಮರುದಿನ, ಕೆಲಸಕ್ಕೆ ಹೊರಟ ನನ್ನ ಕೈಗೆ ಮಡಚಿದ ಹಾಳೆಯೊಂದನ್ನು ಕೊಟ್ಟು ನೀನು ಬಾಗಿಲ ಹಿಂದೆ ನಿಂತೆ. ನನ್ನೆದುರು ಬಾಯಿಬಿಡುವ ಹುಡುಗಿಯಲ್ಲ ನೀನು. ಸಾಲುಗಳ ಮೇಲೆ ಕಣ್ಣಾಡಿಸಿದೆ, ಓದುವವರು ಎಷ್ಟು ಹೊತ್ತು ನೋಡುತ್ತಾರೋ ಅಷ್ಟು ಹೊತ್ತು. ಸೀರೆಯದೋ ಬಳೆಯದೋ ಮಾತಿರಬೇಕು ಅಂದುಕೊಂಡೆ.

"ಓದೀನವ್ವಾ. ಅದೆಲ್ಲ ಈಗ ಬ್ಯಾಡ."

ನೀನು ತಲೆಯಾಡಿಸಿ ಒಳಗೆ ಹೋದೆ. ಕೆಲಸದ ಜಾಗದಲ್ಲಿ ಯಾರಿಂದಲಾದರೂ ಓದಿಸಬಹುದಿತ್ತು. ಓದಿಸಿದರೆ ಗುಟ್ಟು ಹೊರಬೀಳುತ್ತದೆ — ಹರಿದು ಕಾಲುವೆಗೆ ಎಸೆದೆ.

ಅದರಲ್ಲಿ ಏನಿತ್ತೆಂದು ತಿಳಿದದ್ದು ನಿನ್ನವ್ವ ತೀರಿಕೊಂಡ ವಾರ. ಯಾವುದೋ ಮಾತಿನ ನಡುವೆ ನೀನೇ ಅಂದೆ: "ನರ್ಸಿಂಗಿಗೆ ಸೀಟು ಸಿಕ್ಕೈತಿ, ಮದಿವಿ ಮೂರು ವರ್ಷ ತಡಿ ಅಂತ ಬರ್ದಿದ್ನೆಪ್ಪಾ. ನೀ ಓದಿ ಬ್ಯಾಡ ಅಂದಿ. ಅಪ್ಪ ವಿಚಾರ ಮಾಡೇ ಹೇಳಿರ್ತಾನ ಅಂತ ಸುಮ್ನಾದೆ."

ಭತ್ತದ ನಾಟಿ ಮಾಡಿ ಮಾಡಿ ಒಡೆದ ನಿನ್ನ ಬೆರಳುಗಳು ನನ್ನ ಕಣ್ಣೆದುರೇ ಇದ್ದವು. ಆಗಲಾದರೂ ಹೇಳಬೇಕಿತ್ತು. ನಾನು — ಹೂಂ ಅಂದೆ. ಓದು ಬಾರದವನು ಅನ್ನಿಸಿಕೊಳ್ಳುವುದಕ್ಕಿಂತ ಕಲ್ಲುಮನಸ್ಸಿನವನು ಅನ್ನಿಸಿಕೊಳ್ಳುವುದೇ ನನಗೆ ಸುಲಭವಾಯಿತು.

ಸಾಕಾಗಿದೆ ಮಗಳೇ, ಇಷ್ಟು ವರ್ಷದ ಈ ನಟನೆ. ಕಾಲೇಜಿಗೆಂದು ನನ್ನ ಮನೆಯಲ್ಲಿರುವ ನಿನ್ನ ಮಗಳು, ನಾನು ಹೇಳಿದ್ದನ್ನು ಬರೆಯುತ್ತಿದ್ದಾಳೆ. ಹರಿದು ಎಸೆದೆ ಅಂದಾಗ ಅವಳ ಪೆನ್ನು ನಿಂತಿತು.

"ತಾತಾ, ಇದನ್ನೂ ಬರೀಲೇನು?"

"ಬರಿಯವ್ವಾ."

ಬರೆದಳೋ ಬಿಟ್ಟಳೋ — ಹಾಳೆ ನೋಡಿದರೆ ನನಗೆ ತಿಳಿಯುವುದಿಲ್ಲ. ಭಾನುವಾರ ಕಂಪ್ಲಿಗೆ ಬರುತ್ತೇನೆ. ನಿನ್ನೆದುರು ಕೂತು, ಬಾಯಿಂದಲೇ ಹೇಳುತ್ತೇನೆ.